ಸಹಾಯ ಬೇಕು: 10 ನ್ಯಾನೊಮೀಟರ್ ಬೆಳ್ಳಿ ಪದರ ಲೆಕ್ಕಕ್ಕೆ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗಾಜಿಗೆ ಒಂದು ಕೋಟಿಂಗ್ ಡಿಸೈನ್ ಮಾಡುತ್ತಿದ್ದೇನೆ. ಕಣ್ಣಿಗೆ ಕಾಣುವ ಬೆಳಕು ದಾಟಬೇಕು, ಇನ್‌ಫ್ರಾರೆಡ್ ಹಿಂದಕ್ಕೆ ಹೋಗಬೇಕು. ತಲಾ 40 ನ್ಯಾನೊಮೀಟರ್‌ನ ಎರಡು ಜಿಂಕ್ ಆಕ್ಸೈಡ್ ಪದರ, ನಡುವೆ 10 ನ್ಯಾನೊಮೀಟರ್ ಬೆಳ್ಳಿ. ಎಲ್ಲವೂ ಸ್ಪಟರಿಂಗ್ (ನಿರ್ವಾತದಲ್ಲಿ ಅಯಾನುಗಳಿಂದ ಬಡಿದು, ಸಿಡಿದ ಪರಮಾಣುಗಳನ್ನು ಗಾಜಿನ ಮೇಲೆ ಕೂರಿಸುವ ವಿಧಾನ).

ಲೆಕ್ಕದಲ್ಲಿ ಎಲ್ಲ ಸರಿ ಇದೆ. ಸ್ಯಾಂಪಲ್ ಮಾತ್ರ ಬೇರೆಯೇ ಹೇಳುತ್ತದೆ. ಬಿಳಿ ಕಾಗದದ ಮೇಲಿಟ್ಟರೆ ಮಸುಕು ನೀಲಿ ಛಾಯೆ. 550 ನ್ಯಾನೊಮೀಟರ್‌ನಲ್ಲಿ ದಾಟಿದ ಬೆಳಕು, ಪ್ರತಿಫಲಿಸಿದ ಬೆಳಕು ಎರಡನ್ನೂ ಅಳೆದು ಕೂಡಿದೆ. 82% ಅಷ್ಟೇ ಬಂತು. ಉಳಿದ 18% ಪದರದೊಳಗೇ ಹೋಗುತ್ತಿದೆ, ಅಲ್ವಾ?

ನನ್ನ ತಪ್ಪು ಎಲ್ಲಿರಬಹುದು ಅಂತ ಸ್ವಲ್ಪ ಹೊಳೆದಿದೆ. ದಪ್ಪ ಬೆಳ್ಳಿಯ ವಕ್ರೀಭವನ ಅಂಕಿಗಳನ್ನೇ (ಬೆಳಕನ್ನು ಎಷ್ಟು ಬಾಗಿಸುತ್ತದೆ, ಎಷ್ಟು ಹೀರುತ್ತದೆ ಎನ್ನುವ ಅಂಕಿಗಳು) ಲೆಕ್ಕಕ್ಕೆ ಹಾಕಿದ್ದೆ. ಆದರೆ ಬೆಳ್ಳಿ ಮೊದಲು ಹಾಳೆಯಂತೆ ಹರಡುವುದಿಲ್ಲ, ಪುಟ್ಟ ಪುಟ್ಟ ದ್ವೀಪಗಳಾಗಿ ಕೂರುತ್ತದೆ. ಅವು ಒಂದಕ್ಕೊಂದು ಕೂಡಿಕೊಳ್ಳುವವರೆಗೆ ಪ್ಲಾಸ್ಮಾನ್‌ನಿಂದಾಗಿ (ಬೆಳಕಿಗೆ ಲೋಹದ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವುದು) ಬೆಳಕನ್ನು ಜಾಸ್ತಿ ಹೀರುತ್ತವೆ. ಕೂಡಿದ ಮೇಲೂ ಎಲೆಕ್ಟ್ರಾನ್‌ಗಳು ಅಂಚುಗಳಿಗೆ ಬಡಿದು ನಷ್ಟ ಹೆಚ್ಚುತ್ತದೆ.

ಎಲಿಪ್ಸೋಮೆಟ್ರಿಯಿಂದ (ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಹೇಗೆ ಬದಲಾಯಿತು ಎಂದು ಅಳೆಯುವ ವಿಧಾನ) ಹೊಸ ಅಂಕಿ ತೆಗೆಯೋಣ ಎಂದರೆ ದಪ್ಪ ಮತ್ತು ವಕ್ರೀಭವನ ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಬದಲಿಸಿದರೆ ಇನ್ನೊಂದು ಹೊಂದಿಕೊಂಡುಬಿಡುತ್ತದೆ, ಫಿಟ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ! ಬೆಳಕು ದಾಟುವ ಅಳತೆಯನ್ನೂ ಸೇರಿಸಿ, 8, 10, 12, 15 ನ್ಯಾನೊಮೀಟರ್ ಸ್ಯಾಂಪಲ್‌ಗಳನ್ನು ಒಟ್ಟಿಗೆ ಫಿಟ್ ಮಾಡಿದವರು ಇದ್ದೀರಾ? ಡ್ರೂಡ್ ಮಾದರಿಯಲ್ಲಿ (ಲೋಹದ ಮುಕ್ತ ಎಲೆಕ್ಟ್ರಾನ್‌ಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಎಂದು ಹೇಳುವ ಸೂತ್ರ) ಯಾವ ಅಂಕಿಯನ್ನು ಸಡಿಲ ಬಿಟ್ಟಿರಿ?

ಇನ್ನೊಂದು ಅನುಮಾನ. ಮೇಲಿನ ಆಕ್ಸೈಡ್ ಹಾಕುವಾಗ ಆಕ್ಸಿಜನ್ ಬಿಡುತ್ತೇವೆ. ಅದೇ ಬೆಳ್ಳಿಯನ್ನು ಕೆಡಿಸುತ್ತಿರಬಹುದೇ? ನಡುವೆ ತೆಳು ಟೈಟಾನಿಯಂ ರಕ್ಷಣಾ ಪದರ ಹಾಕಿದವರು ಎಷ್ಟು ದಪ್ಪ ಇಟ್ಟಿರಿ, ದಯವಿಟ್ಟು ತಿಳಿಸಿ. ಷೀಟ್ ರೆಸಿಸ್ಟೆನ್ಸ್ (ತೆಳು ಪದರದ ವಿದ್ಯುತ್ ರೋಧ) ಅಳತೆಗಳಿವೆ, ಕೇಳಿದವರಿಗೆ ಕಳಿಸುತ್ತೇನೆ.