ಪೆಟ್ಟು ತಿಂದು ಬಂದವರ ಹತ್ತಿರ ಹೇಗೆ ಮಾತಾಡಬೇಕು?

ಕಾರವಾರದ ಹತ್ತಿರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಸೇರಿದ ನರ್ಸ್ ನಾನು. ಮೈಮೇಲೆ ಬಾಸುಂಡೆ ಇರುತ್ತದೆ, ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಾರೆ. ಗಂಡ ಪಕ್ಕದಲ್ಲೇ ನಿಂತಿರುತ್ತಾನೆ. ಏನು ಮಾಡಬೇಕು? ಅನುಭವ ಇದ್ದವರು ಹೇಳಿ.

ಶಿರಸಿಯ ಸ್ಟಾಫ್ ನರ್ಸ್:
ಮೊದಲು ಅವರೊಬ್ಬರನ್ನೇ ಒಳಗೆ ಕರೆದುಕೊಳ್ಳಿ. "ಡ್ರೆಸ್ಸಿಂಗ್ ಮಾಡಬೇಕು, ನೀವು ಹೊರಗೆ ಕೂತ್ಕೊಳ್ಳಿ" ಅಂದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಜೊತೆಗೆ ಅತ್ತೆ ಬಂದಿದ್ದರೂ ಅಷ್ಟೇ. ಬಾಗಿಲು ಹಾಕಿ, ಪಕ್ಕ ಕೂತು, "ಮನೇಲಿ ಯಾರಾದ್ರೂ ಹೊಡೆದ್ರಾ ಅಕ್ಕ?" ಅಂತ ನೇರ ಕೇಳಿ. ಇಲ್ಲ ಅಂದರೆ ಒತ್ತಾಯ ಬೇಡ. ಡ್ರೆಸ್ಸಿಂಗ್ ಬದಲಾಯಿಸೋಕೆ ಎರಡು ದಿನ ಬಿಟ್ಟು ಬನ್ನಿ ಅನ್ನಿ. ನಾನು ನೋಡಿದ ಹಾಗೆ ಎರಡನೇ ಸಲ ಬಂದಾಗ ಬಾಯಿ ಬಿಟ್ಟವರೇ ಜಾಸ್ತಿ. "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ, ಅದನ್ನು ತವರಿನವರೇ ಬೇಕಾದಷ್ಟು ಹೇಳಿರುತ್ತಾರೆ. ಇನ್ನೊಂದು, ಬಸುರಿಯಾಗಿದ್ದರೆ ತಾಯಿ ಕಾರ್ಡಿನಲ್ಲಿ ಇದನ್ನೆಲ್ಲ ಬರೆಯಲೇಬೇಡಿ. ಆ ಕಾರ್ಡು ಮನೆಗೆ ಹೋಗುತ್ತದೆ, ಎಲ್ಲರ ಕೈಗೂ ಸಿಗುತ್ತದೆ. ಬರೆಯುವುದು ಆಸ್ಪತ್ರೆಯಲ್ಲೇ ಉಳಿಯುವ ದಾಖಲೆಯಲ್ಲಿ.

ಕುಮಟಾ ಕಡೆಯ ವೈದ್ಯೆ:
ಆ ದಾಖಲೆಯನ್ನು ಸರಿಯಾಗಿ ಬರೆಯಿರಿ. ಗಾಯ ಎಲ್ಲಿದೆ, ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಅವರು ಹೇಳಿದ ಮಾತು ಹೇಳಿದ ಹಾಗೇ. ಕತ್ತು ಹಿಸುಕಿದ್ರಾ ಅಂತ ಬೇರೆಯಾಗಿ ಕೇಳಿ. ಹೊರಗೆ ಗುರುತೇ ಇಲ್ಲದಿದ್ದರೂ ಅದು ಜೀವಕ್ಕೆ ಅಪಾಯ, ದನಿ ಒಡೆದಿದ್ದರೆ, ನುಂಗೋಕೆ ಕಷ್ಟ ಆಗುತ್ತಿದ್ದರೆ ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ, ಮೊದಲೇ ವರದಿ ಆಗಿಲ್ಲ ಅಂತ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ವೈದ್ಯಕೀಯ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಈ ಕಾಯ್ದೆಯಡಿ ಇಂಥ ಹೆಂಗಸರ ನೆರವಿಗೆ ಇರುವ ಸಂರಕ್ಷಣಾಧಿಕಾರಿ ಅಂದರೆ ನಮ್ಮಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಅವರ ಪರಿಚಯ ಈಗಲೇ ಮಾಡಿಕೊಂಡಿರಿ.

ಅಂಕೋಲಾ ಕಡೆಯ ಆಶಾ ಕಾರ್ಯಕರ್ತೆ:
ಮಹಿಳಾ ಸಹಾಯವಾಣಿಯ 181 ನಂಬರನ್ನು ಚೀಟಿಯಲ್ಲಿ ಬರೆದು ಕೊಡಬೇಡಿ, ಬಾಯಲ್ಲಿ ಹೇಳಿ, ಮೂರೇ ಅಂಕಿ ಅಲ್ವಾ. ಗಂಡ ಮೊಬೈಲ್ ನೋಡುತ್ತಾನೆ ಅಂದರೆ ಆಸ್ಪತ್ರೆ ಫೋನಿನಿಂದಲೇ ಮಾತಾಡಿಸಿ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ, ಬೋಟಿಗೆ ಹೋಗುವವರು ಮನೆಯಲ್ಲೇ ಇರುತ್ತಾರೆ. ಕೆಲವು ಹೆಂಗಸರಿಗೆ ಆಗ ಒಬ್ಬರೇ ಹೊರಬೀಳೋಕೂ ಆಗುವುದಿಲ್ಲ. ಅಂಥವರನ್ನು ನಾನು ಮಗುವಿನ ಲಸಿಕೆ ದಿನ ಅಂಗನವಾಡಿಯಲ್ಲಿ ಮಾತಾಡಿಸುತ್ತೇನೆ. ಮನೆ ಬಿಟ್ಟು ಬನ್ನಿ ಅಂತ ನಾವು ಹೇಳುವುದಲ್ಲ, ಆ ತೀರ್ಮಾನ ಅವರದು. ರಾತ್ರಿ ಹೆಚ್ಚುಕಮ್ಮಿ ಆದರೆ ಯಾರ ಮನೆಗೆ ಓಡುತ್ತೀರಿ, ಆಧಾರ್, ಪಾಸ್‌ಬುಕ್ ಎಲ್ಲಿದೆ, ಅಷ್ಟನ್ನು ಮಾತ್ರ ಕೇಳಿಟ್ಟುಕೊಳ್ಳಿ.