ಎಕ್ಸ್-ಪ್ಲೇನ್ ವಿಮಾನ ಟ್ಯಾಬ್ ನಕ್ಷೆಯಲ್ಲಿ ಓಡಬೇಕು: ಜೋಡಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್-ಪ್ಲೇನ್ 12 ಅನ್ನುವ ವಿಮಾನ ಹಾರಿಸುವ ಸಿಮ್ಯುಲೇಟರ್ ಇದೆ. ಜೊತೆಗೆ ಒಂದು ಹಳೆಯ ಆಂಡ್ರಾಯ್ಡ್ ಟ್ಯಾಬ್, ಅಕ್ಕನ ಐಪ್ಯಾಡ್. ಪೈಲಟ್‌ಗಳು ಈಗ ಕಾಗದದ ನಕ್ಷೆ ಬಿಟ್ಟು ಐಪ್ಯಾಡ್ ನೋಡಿಕೊಂಡು ಹಾರುತ್ತಾರಲ್ಲ, ನನಗೂ ಹಾಗೇ ಬೇಕು. ಸಿಮ್ಯುಲೇಟರ್‌ನಲ್ಲಿ ವಿಮಾನ ಎಲ್ಲಿದೆಯೋ ಪಕ್ಕದ ಟ್ಯಾಬ್‌ನಲ್ಲೂ ಅಲ್ಲೇ ಕಾಣಬೇಕು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಕಂಡದ್ದಕ್ಕೆಲ್ಲ ಟಿಕ್ ಹಾಕಿ ನೋಡಿದೆ. ಗೋಕುಲ ರೋಡಿನ ಏರ್‌ಪೋರ್ಟಿನಿಂದ ಎದ್ದು ದಾಂಡೇಲಿ ಕಾಡಿನ ಮೇಲೆ ಬಂದರೂ ಟ್ಯಾಬ್‌ನ ನೀಲಿ ಚುಕ್ಕಿ ವಿದ್ಯಾನಗರ ಬಿಟ್ಟು ಅಲ್ಲಾಡುತ್ತಿಲ್ಲ. ಯಾವ ಆ್ಯಪ್ ಒಳ್ಳೆಯದು, ಹೇಗೆ ಜೋಡಿಸಬೇಕು, ದುಡ್ಡು ಕೊಡಲೇಬೇಕಾ? ಮಾಡಿದವರು ಸ್ವಲ್ಪ ಹೇಳಿ.

ಉತ್ತರ (ಸಪ್ತಾಪುರ, ಧಾರವಾಡ)

ಚುಕ್ಕಿ ವಿದ್ಯಾನಗರದಲ್ಲೇ ಕೂತಿದೆ ಅಂದರೆ ಟ್ಯಾಬ್ ತನ್ನ ಸ್ವಂತ ಜಿಪಿಎಸ್ ತೋರಿಸುತ್ತಿದೆ. ಇದಕ್ಕೆ ಎರಡು ಕಾರಣ ಇರಬಹುದು. ಸಿಮ್ಯುಲೇಟರ್ ಕಳಿಸುವ ಮಾಹಿತಿ ಟ್ಯಾಬ್‌ವರೆಗೆ ಬರುತ್ತಲೇ ಇಲ್ಲ. ಇಲ್ಲಾ, ಬಂದರೂ ಆ ಆ್ಯಪ್‌ಗೆ ಅದು ಬೇಕಿಲ್ಲ. ಗೂಗಲ್ ಮ್ಯಾಪ್ಸ್ ತೆರೆದು ಕೂತಿದ್ದರೆ ಎರಡನೆಯದೇ. ಅದಕ್ಕೆ ಎಕ್ಸ್-ಪ್ಲೇನ್ ಹೇಳಿದ್ದನ್ನು ಕೇಳುವ ವ್ಯವಸ್ಥೆಯೇ ಇಲ್ಲ.

ಒಳಗೆ ನಡೆಯುವುದು ಬಹಳ ಸರಳ ಇದೆ. ಎಕ್ಸ್-ಪ್ಲೇನ್ ನಿಮ್ಮ ವಿಮಾನದ ಜಾಗವನ್ನು ಮನೆಯ ವೈಫೈ ಮೇಲೆ ಯುಡಿಪಿ ಪ್ಯಾಕೆಟ್‌ಗಳಾಗಿ, ಅಂದರೆ ಮುಟ್ಟಿತೋ ಇಲ್ಲವೋ ಅಂತ ನೋಡದೆ ಕಳಿಸುವ ಚಿಕ್ಕ ಚಿಕ್ಕ ಸಂದೇಶಗಳಾಗಿ, ಎಸೆಯುತ್ತದೆ. ಪೋರ್ಟ್ ನಂಬರ್, ಅಂದರೆ ಅವು ಬಂದು ಸೇರುವ ಬಾಗಿಲಿನ ಸಂಖ್ಯೆ, 49002. ಒಂದು ಪ್ಯಾಕೆಟ್ ಅಂದರೆ ಒಂದು ಸಾಲು ಬರಹ ಅಷ್ಟೇ. ‘ಎಕ್ಸ್‌ಜಿಪಿಎಸ್’ ಅಂತ ಶುರುವಾಗುವ ಸಾಲಿನಲ್ಲಿ ರೇಖಾಂಶ, ಅಕ್ಷಾಂಶ, ಎತ್ತರ, ಸಾಗುವ ದಿಕ್ಕು, ವೇಗ ಇರುತ್ತವೆ. ‘ಎಕ್ಸ್‌ಎಟಿಟಿ’ ಸಾಲಿನಲ್ಲಿ ಮೂಗು ಎತ್ತ ಇದೆ, ರೆಕ್ಕೆ ಎಷ್ಟು ವಾಲಿದೆ ಅನ್ನುವುದು. ಇದನ್ನು ಓದಲು ಬರುವ, ಪೈಲಟ್‌ಗಳು ಬಳಸುವ ನಕ್ಷೆ ಆ್ಯಪ್ ಬೇಕು. ಫೋರ್‌ಫ್ಲೈಟ್‌ಗೆ ಬರುತ್ತದೆ, ಗಾರ್ಮಿನ್ ಪೈಲಟ್, ಸ್ಕೈಡೆಮನ್‌ಗೂ ಬರುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ರೂಟರ್ ಆನ್ ಇದ್ದರೆ ಸಾಕು, ಡೇಟಾ ಖರ್ಚಾಗುವುದಿಲ್ಲ.

ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟಕ್ಕೆ ಹೋಗಿ ಐಫೋನ್, ಐಪ್ಯಾಡ್ ಮತ್ತು ಹೊರಗಿನ ಆ್ಯಪ್‌ಗಳ ಭಾಗ ತೆರೆಯಿರಿ. ಮ್ಯಾಪಿಂಗ್ ಆ್ಯಪ್‌ಗಳಿಗೆಲ್ಲ ಬ್ರಾಡ್‌ಕಾಸ್ಟ್ ಮಾಡುವ ಆಯ್ಕೆ ಅಲ್ಲೇ ಇದೆ. ಉಳಿದ ಟಿಕ್‌ಗಳನ್ನೆಲ್ಲ ತೆಗೆದುಬಿಡಿ. ಕಂಡದ್ದಕ್ಕೆಲ್ಲ ಟಿಕ್ ಹಾಕಿದರೆ ಯಾವುದರಿಂದ ಏನಾಯಿತು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಐಪ್ಯಾಡ್‌ನಲ್ಲಿ ಇನ್ನೊಂದು ಕೆಲಸ ಇದೆ. ಐಒಎಸ್ 14 ಬಂದ ಮೇಲೆ, ಅಂದರೆ 2020ರಿಂದ, ಪ್ರತಿ ಆ್ಯಪ್ ಮನೆಯ ನೆಟ್‌ವರ್ಕ್ ನೋಡಲು ನಿಮ್ಮ ಅನುಮತಿ ಕೇಳುತ್ತದೆ. ಅದು ಕೇಳಿದಾಗ ಸುಮ್ನೆ ಬೇಡ ಅಂತ ಒತ್ತಿದವರೇ ಜಾಸ್ತಿ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಲೋಕಲ್ ನೆಟ್‌ವರ್ಕ್ ಅಂತ ಇದೆ, ಅಲ್ಲಿ ಆನ್ ಮಾಡಿ. ಫೋರ್‌ಫ್ಲೈಟ್ ಆದರೆ ಮೋರ್ ಒಳಗಿನ ಡಿವೈಸಸ್ ಪುಟದಲ್ಲಿ ಎಕ್ಸ್-ಪ್ಲೇನ್ ಹೆಸರು ಕಾಣಬೇಕು, ಅದನ್ನೂ ಎನೇಬಲ್ ಮಾಡಬೇಕು. ಅಲ್ಲಿ ಹೆಸರೇ ಕಾಣದಿದ್ದರೆ ತೊಂದರೆ ನೆಟ್‌ವರ್ಕ್‌ನಲ್ಲಿದೆ. ಹೆಸರು ಕಂಡೂ ವಿಮಾನ ಕಾಣದಿದ್ದರೆ ಆ್ಯಪ್‌ನಲ್ಲಿದೆ.

ಉತ್ತರ (ಬೆಟಗೇರಿ, ಗದಗ)

ಮೇಲಿನವರು ಹೇಳಿದ್ದು ಸರಿ. ಆದರೆ ನಾನು ನೋಡಿದ ಮಟ್ಟಿಗೆ ಸಿಮ್ಯುಲೇಟರ್ ತಪ್ಪೂ ಇರಲ್ಲ, ಆ್ಯಪ್ ತಪ್ಪೂ ಇರಲ್ಲ. ಹತ್ತಕ್ಕೆ ಒಂಬತ್ತು ಸಲ ರೂಟರ್ ಮತ್ತು ವಿಂಡೋಸ್‌ನದೇ ಕಿತಾಪತಿ. ಅದಕ್ಕೇ ಆ್ಯಪ್ ಬದಲಾಯಿಸಿ ಬದಲಾಯಿಸಿ ನೋಡುವ ಮೊದಲು ಇದನ್ನು ಮುಗಿಸಿ.

ಬ್ರಾಡ್‌ಕಾಸ್ಟ್ ಅಂದರೆ ಓಣಿಯಲ್ಲಿ ಕಾಯಿಪಲ್ಲೆ ಮಾರುವವರು ಕೂಗಿಕೊಂಡು ಹೋದ ಹಾಗೆ. ಕೇಳಿಸಿದವರು ಬಾಗಿಲು ತೆಗೆಯುತ್ತಾರೆ. ಕೆಲವು ರೂಟರ್‌ಗಳು ಆ ಕೂಗನ್ನು ವೈಫೈ ಕಡೆಗೆ ಬಿಡುವುದೇ ಇಲ್ಲ. ಡೆಸ್ಕ್‌ಟಾಪ್‌ಗೆ ಕೇಬಲ್ ಹಾಕಿ, ಟ್ಯಾಬ್ ವೈಫೈನಲ್ಲಿದ್ದಾಗ ಇದು ಕಾಡುತ್ತದೆ. ಬ್ರಾಡ್‌ಕಾಸ್ಟ್ ಬಿಟ್ಟು ಟ್ಯಾಬ್‌ನ ಐಪಿ ವಿಳಾಸವನ್ನೇ (ನೆಟ್‌ವರ್ಕ್‌ನಲ್ಲಿ ಅದರ ಮನೆ ನಂಬರ್ ಇದ್ದ ಹಾಗೆ) ಎಕ್ಸ್-ಪ್ಲೇನ್‌ನಲ್ಲಿ ಬರೆಯಿರಿ. ಟ್ಯಾಬ್‌ನ ವೈಫೈ ಹೆಸರಿನ ಮೇಲೆ ಒತ್ತಿದರೆ 192.168 ಅಂತ ಶುರುವಾಗುವ ಸಂಖ್ಯೆ ಕಾಣುತ್ತದೆ, ಅದೇ ಐಪಿ. ಕಂಪ್ಯೂಟರಿನದೂ ನೋಡಿ. ಮೊದಲ ಮೂರು ಭಾಗ ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ 192.168.1, ಇನ್ನೊಂದರಲ್ಲಿ 192.168.0 ಅಂತಿದ್ದರೆ ಮನೆಯಲ್ಲಿ ಎರಡು ರೂಟರ್ ಬೇರೆ ಬೇರೆ ನೆಟ್‌ವರ್ಕ್ ನಡೆಸುತ್ತಿವೆ. ಮೇಲಿನ ಮಹಡಿಗೆ ಸಿಗ್ನಲ್ ಬರಲಿ ಅಂತ ಇನ್ನೊಂದು ರೂಟರ್ ಇಟ್ಟ ಮನೆಗಳಲ್ಲಿ ಇದೇ ಕಥೆ.

ಗೆಸ್ಟ್ ವೈಫೈ ಬೇಡವೇ ಬೇಡ. ಅದರಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಸಾಮಾನ್ಯವಾಗಿ ತಡೆ ಹಾಕಿರುತ್ತಾರೆ. 2.4 ಮತ್ತು 5 ಗಿಗಾಹರ್ಟ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ರೂಟರಿನ ಒಂದೇ ನೆಟ್‌ವರ್ಕ್ ಆದರೆ ಒಂದು ಇದರಲ್ಲಿ, ಒಂದು ಅದರಲ್ಲಿ ಇದ್ದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ನಿಮ್ಮ ವೈಫೈ ‘ಪಬ್ಲಿಕ್’ ಅಂತ ಗುರುತಾಗಿದ್ದರೆ ‘ಪ್ರೈವೇಟ್’ ಮಾಡಿ. ಫೈರ್‌ವಾಲ್‌ನಲ್ಲಿ ಎಕ್ಸ್-ಪ್ಲೇನ್‌ಗೆ ಅನುಮತಿ ಇದೆಯಾ ನೋಡಿ. ಕೆಲವರು ಫೈರ್‌ವಾಲ್ ಪೂರ್ತಿ ಬಂದ್ ಮಾಡಿ ಅಂತಾರೆ. ಅದನ್ನು ಮಾತ್ರ ಮಾಡಬೇಡಿ.

ಇನ್ನು ನಮ್ಮ ಕಡೆಯ ಖಾಸಾ ತೊಂದರೆ, ಕರೆಂಟ್. ಹೋಗಿ ಬಂದಾಗ ರೂಟರ್ ಮತ್ತೆ ಶುರುವಾಗಿ ಟ್ಯಾಬ್‌ಗೆ ಬೇರೆ ಐಪಿ ಕೊಟ್ಟಿರಬಹುದು. ನಿನ್ನೆ ಓಡುತ್ತಿದ್ದದ್ದು ಇವತ್ತು ಓಡಲ್ಲ ಅನ್ನುವವರ ಗುಟ್ಟು ಬಹಳ ಸಲ ಇಷ್ಟೇ. ರೂಟರಿನ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ) ಪುಟದಲ್ಲಿ ಟ್ಯಾಬ್‌ಗೆ ಒಂದು ಐಪಿ ಖಾಯಂ ಮಾಡಿಬಿಡಿ. ಐಪ್ಯಾಡ್‌ಗೆ ಹಾಗೆ ಮಾಡುವ ಮುಂಚೆ ಆ ವೈಫೈಗೆ ಪ್ರೈವೇಟ್ ವೈಫೈ ಅಡ್ರೆಸ್ ಆಫ್ ಮಾಡಿ. ಇಲ್ಲದಿದ್ದರೆ ರೂಟರಿಗೆ ಅದು ಬೇರೆ ಸಾಧನದಂತೆ ಕಂಡು ಖಾಯಂ ಮಾಡಿದ್ದು ವ್ಯರ್ಥ ಆಗಬಹುದು.

ಉತ್ತರ (ನವನಗರ, ಹುಬ್ಬಳ್ಳಿ)

ತಮ್ಮಾ, ದುಡ್ಡಿನ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಫೋರ್‌ಫ್ಲೈಟ್ ಆಂಡ್ರಾಯ್ಡ್‌ಗೆ ಇಲ್ಲವೇ ಇಲ್ಲ, ಐಫೋನ್ ಐಪ್ಯಾಡ್‌ಗೆ ಮಾತ್ರ. ಸ್ಕೈಡೆಮನ್ ಆಂಡ್ರಾಯ್ಡ್‌ಗೂ ಇದೆ, ಆದರೆ ಅದು ಮುಖ್ಯವಾಗಿ ಯುರೋಪಿನ ಪೈಲಟ್‌ಗಳಿಗಾಗಿ ಮಾಡಿದ್ದು. ಎರಡಕ್ಕೂ ಚಂದಾ ಕಟ್ಟಬೇಕು. ಹುಬ್ಬಳ್ಳಿಯಿಂದ ಗೋವಾಕ್ಕೆ ಸಿಮ್ಯುಲೇಟರ್‌ನಲ್ಲಿ ಹಾರಲು ವರ್ಷದ ಚಂದಾ ಯಾಕೆ? ಪೈಲಟ್ ತರಬೇತಿಗೆ ಹೊರದೇಶಕ್ಕೆ ಹೋಗುವವರು ಕೈ ಪಳಗಲಿ ಅಂತ ತೆಗೆದುಕೊಂಡರೆ ಅದು ಬೇರೆ ಮಾತು.

ನನ್ನ ಬಳಿ ಇರುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಅದು ಎಕ್ಸ್-ಪ್ಲೇನ್ ಹಾಗೆ ತಾನಾಗಿ 49002ಕ್ಕೆ ಏನನ್ನೂ ಕಳಿಸುವುದಿಲ್ಲ. ಹೊರಗಿನ ಪ್ರೋಗ್ರಾಮ್‌ಗಳಿಗೆ ಮಾಹಿತಿ ಕೊಡುವ ಅದರ ಸಿಮ್‌ಕನೆಕ್ಟ್ ಭಾಗದಿಂದ ಮಾಹಿತಿ ತೆಗೆದು ಕಳಿಸುವ ನಡುವಿನ ಪ್ರೋಗ್ರಾಮ್ ಬೇಕು. ಎಫ್‌ಎಸ್‌2ಎಫ್‌ಎಫ್ ಅಂತ ಒಂದು ಉಚಿತ ಪ್ರೋಗ್ರಾಮ್ ಇದೆ, ಅದನ್ನು ಹಾಕಿದರೆ ಫೋರ್‌ಫ್ಲೈಟ್‌ಗೆ ಎಕ್ಸ್-ಪ್ಲೇನ್ ಇದ್ದ ಹಾಗೇ ಅನಿಸುತ್ತದೆ. ಆದರೆ ನಾನು ಅದನ್ನೂ ಬಿಟ್ಟು ಕಂಪ್ಯೂಟರಿನಲ್ಲಿ ಓಡುವ ಲಿಟಲ್ ನ್ಯಾವ್‌ಮ್ಯಾಪ್ ಅನ್ನುವ ನಕ್ಷೆ ಪ್ರೋಗ್ರಾಮ್‌ಗೆ ಬಂದೆ. ಪೂರ್ತಿ ಉಚಿತ. ಮೈಕ್ರೋಸಾಫ್ಟ್‌ನದು, ಎಕ್ಸ್-ಪ್ಲೇನ್, ಮೈಕ್ರೋಸಾಫ್ಟ್‌ನದೇ ಹಳೆಯ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್, ಎಲ್ಲಕ್ಕೂ ಆಗುತ್ತದೆ.

ಅದರಲ್ಲಿ ನನಗೆ ಹಿಡಿಸಿದ್ದು ವೆಬ್ ಸರ್ವರ್. ಟೂಲ್ಸ್ ಮೆನುವಿನಲ್ಲಿ ಅದನ್ನು ಶುರು ಮಾಡಿ, ಟ್ಯಾಬ್‌ನ ಬ್ರೌಸರ್‌ನಲ್ಲಿ ಕಂಪ್ಯೂಟರಿನ ಐಪಿ, ಒಂದು ಕೋಲನ್, ಆಮೇಲೆ 8965 ಅಂತ ಹೊಡೆಯಿರಿ. ನಕ್ಷೆ ಬಂತು, ವಿಮಾನ ಅದರ ಮೇಲೆ ಓಡಿತು. ಆ್ಯಪ್ ಬೇಡ, ಟ್ಯಾಬ್ ಎಷ್ಟು ಹಳೆಯದಾದರೂ ಬ್ರೌಸರ್ ನಡೆದರೆ ಸಾಕು. ಎಕ್ಸ್-ಪ್ಲೇನ್‌ಗೆ ಮಾತ್ರ ಲಿಟಲ್ ಎಕ್ಸ್‌ಪಿಕನೆಕ್ಟ್ ಅನ್ನುವ ಪ್ಲಗಿನ್ ಫೋಲ್ಡರನ್ನು ರಿಸೋರ್ಸಸ್ ಒಳಗಿನ ಪ್ಲಗಿನ್ಸ್‌ಗೆ ಹಾಕಬೇಕು. ಮೊದಲ ಸಲ ಸೀನರಿ ಲೈಬ್ರರಿ (ಸಿಮ್ಯುಲೇಟರ್‌ನ ಏರ್‌ಪೋರ್ಟ್‌ಗಳ ಮಾಹಿತಿ) ಲೋಡ್ ಆಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಚಹಾ ಕುಡಿದು ಬನ್ನಿ. ಲೋಡ್ ಆದ ಮೇಲೆ ನಿಮ್ಮ ಸಿಮ್ಯುಲೇಟರ್‌ನಲ್ಲಿ ಇರುವ ಏರ್‌ಪೋರ್ಟ್‌ಗಳೇ ನಕ್ಷೆಯಲ್ಲೂ ಕಾಣುತ್ತವೆ. ನಿಜವಾದ ಪೈಲಟ್‌ಗಳಿಗಾಗಿ ಮಾಡಿದ ಆ್ಯಪ್‌ಗಳು ಇದನ್ನು ಮಾಡಲ್ಲ, ಯಾಕಂದರೆ ಅವಕ್ಕೆ ನಿಜ ಲೋಕ ಮಾತ್ರ ಗೊತ್ತು.

ಉತ್ತರ (ಹಾಸ್ಟೆಲ್, ಧಾರವಾಡ)

ಹಾಸ್ಟೆಲ್ ವೈಫೈನಲ್ಲಿ ಇದ್ಯಾವುದೂ ನಡೆಯಲ್ಲ. ಒಬ್ಬರ ಸಾಧನ ಇನ್ನೊಬ್ಬರದ್ದನ್ನು ನೋಡದಂತೆ ಬಂದ್ ಮಾಡಿರುತ್ತಾರೆ. ನಾನು ಲ್ಯಾಪ್‌ಟಾಪ್‌ನಲ್ಲೇ ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಫೋನನ್ನು ಅದಕ್ಕೆ ಸೇರಿಸುತ್ತೇನೆ. ಆಗ ಲ್ಯಾಪ್‌ಟಾಪ್‌ನ ಐಪಿ 192.168.137.1 ಆಗಿರುತ್ತದೆ. ಉಲ್ಟಾ ಮಾಡಿದರೂ ನಡೆಯುತ್ತದೆ, ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಬಹುದು. ಐಫೋನ್ ಆದರೆ 172.20.10.1ಕ್ಕೆ ಕಳಿಸಿ. ಆದರೆ ಮೈಕ್ರೋಸಾಫ್ಟ್‌ನದು ಊರಿನ ಚಿತ್ರಗಳನ್ನೆಲ್ಲ ಹಾರುವಾಗಲೇ ಇಳಿಸಿಕೊಳ್ಳುತ್ತದೆ. ಒಂದು ಸುತ್ತು ಹಾಕುವಷ್ಟರಲ್ಲಿ ದಿನದ ಡೇಟಾ ಖಲಾಸ್.

ಉತ್ತರ (ರಾಣೆಬೆನ್ನೂರು)

ಗೂಗಲ್ ಮ್ಯಾಪ್ಸ್‌ನಲ್ಲೇ ಬೇಕು ಅನ್ನುವವರಿಗೆ ಆಂಡ್ರಾಯ್ಡ್‌ನಲ್ಲಿ ಒಂದು ದಾರಿ ಇದೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಮಾಕ್ ಲೊಕೇಶನ್ (ಸುಳ್ಳು ಜಾಗ ತೋರಿಸುವ) ಆ್ಯಪ್ ಆರಿಸಬಹುದು. ಹೊರಗಿನಿಂದ ಬಂದ ಜಿಪಿಎಸ್ ಮಾಹಿತಿಯನ್ನು ಫೋನಿನ ಸ್ವಂತದ್ದು ಅಂತ ನಂಬಿಸುವ ಆ್ಯಪ್‌ಗಳಿವೆ. ಅವು ಸಾಮಾನ್ಯವಾಗಿ ಎನ್‌ಎಂಇಎ ಅನ್ನುವ ಹಳೆಯ ಜಿಪಿಎಸ್ ಬರಹ ಕೇಳುತ್ತವೆ. ಫ್ಲೈಟ್‌ಗಿಯರ್ ಉಚಿತ ಸಿಮ್ಯುಲೇಟರ್ ಇದನ್ನು ತಾನೇ ಕಳಿಸಬಲ್ಲದು. ಆದರೆ ದಿನಾ ಬಳಸುವ ಫೋನಿನಲ್ಲಿ ಮಾಡಬೇಡಿ ರೀ. ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಕಿರಾಣಿ ಅಂಗಡಿಯಲ್ಲಿ ನಿಂತು ದುಡ್ಡು ಕಳಿಸಲಾಗದೆ ಒದ್ದಾಡಬೇಕಾಗುತ್ತದೆ. ಹಳೆಯ ಟ್ಯಾಬ್ ಇದ್ದರೆ ಅಡ್ಡಿಯಿಲ್ಲ. ಐಫೋನ್‌ನಲ್ಲಿ ಈ ದಾರಿ ಇಲ್ಲ.

ಪ್ರಶ್ನೆ ಕೇಳಿದವರು (ವಿದ್ಯಾನಗರ)

ಎಲ್ಲರಿಗೂ ಥ್ಯಾಂಕ್ಸ್. ಐಪಿ ಬರೆದ ತಕ್ಷಣ ಅಕ್ಕನ ಐಪ್ಯಾಡ್‌ನಲ್ಲಿ ವಿಮಾನ ಗೋಕುಲ ರೋಡಿಗೆ ಹಾರಿ ಕೂತಿತು! ಟ್ಯಾಬ್‌ನಲ್ಲಿ ಲಿಟಲ್ ನ್ಯಾವ್‌ಮ್ಯಾಪ್ ಓಡುತ್ತಿದೆ. ಇನ್ನೆರಡು ಅನುಮಾನ. ಐಪ್ಯಾಡ್‌ನಲ್ಲಿ ವಿಮಾನ ನುಣ್ಣಗೆ ಸಾಗದೆ ಹೆಜ್ಜೆ ಹೆಜ್ಜೆಯಾಗಿ ಜಿಗಿಯುತ್ತದೆ, ಇದು ಸರಿನಾ? ಮತ್ತೆ, ಆ ಪ್ಯಾಕೆಟ್ ಓದಿ ನನ್ನದೇ ಒಂದು ಚಿಕ್ಕ ನಕ್ಷೆ ಪೈಥಾನ್‌ನಲ್ಲಿ ಬರೆಯುವ ಆಸೆ. ಏನು ನೋಡಿಕೊಳ್ಳಬೇಕು?

ಉತ್ತರ (ಬೆಟಗೇರಿ, ಗದಗ)

ಜಿಗಿಯುವುದು ಸಹಜ. ಜಾಗದ ಸಾಲು ಸುಮಾರು ಸೆಕೆಂಡಿಗೊಂದು ಬರುತ್ತದೆ, ವಾಲುವಿಕೆಯ ಸಾಲು ಅದಕ್ಕಿಂತ ಬೇಗ ಬೇಗ. 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದಲ್ಲಿ ಒಂದು ಸೆಕೆಂಡಿಗೆ 51 ಮೀಟರ್ ದಾಟಿರುತ್ತೀರಿ. ನಕ್ಷೆ ಜಾಸ್ತಿ ಜೂಮ್ ಮಾಡಿದರೆ ಜಿಗಿತ ಕಾಣುತ್ತದೆ, ಕಡಿಮೆ ಮಾಡಿದರೆ ಕಾಣಲ್ಲ. ಐದಾರು ಸೆಕೆಂಡ್ ನಿಂತು ನಿಂತು ಓಡಿದರೆ ಮಾತ್ರ ವೈಫೈ ಸಿಗ್ನಲ್ ನೋಡಿ. ಯುಡಿಪಿಯಲ್ಲಿ ಕಳೆದುಹೋದ ಪ್ಯಾಕೆಟ್ ಮತ್ತೆ ಬರುವುದಿಲ್ಲ.

ಪೈಥಾನ್ ಒಳ್ಳೆಯ ವಿಚಾರ, ಮಾಡಿ. 49002ರಲ್ಲಿ ಸಾಕೆಟ್ ತೆರೆದು ಬಂದ ಸಾಲನ್ನು ಅಲ್ಪವಿರಾಮದ ಹತ್ತಿರ ಕತ್ತರಿಸಿದರೆ ಆಯಿತು. ಒಂದು ವಿಷಯ ಮಾತ್ರ ನೆನಪಿಡಿ, ಇದರಲ್ಲಿ ರೇಖಾಂಶ ಮೊದಲು ಬರುತ್ತದೆ. ನಮ್ಮ ಏರ್‌ಪೋರ್ಟಿನಲ್ಲಿ ನಿಂತಾಗ ಮೊದಲು 75.08, ಆಮೇಲೆ 15.36 ಕಾಣಬೇಕು. ನಕ್ಷೆಯ ಲೈಬ್ರರಿಗಳು ಹೆಚ್ಚಾಗಿ ಅಕ್ಷಾಂಶವನ್ನು ಮೊದಲು ಕೇಳುತ್ತವೆ. ಹಾಗೇ ಕೊಟ್ಟುಬಿಟ್ಟರೆ ವಿಮಾನ ನಾರ್ವೆ ದೇಶದ ಉತ್ತರಕ್ಕೆ, ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರದಲ್ಲಿ ಇರುತ್ತದೆ. ಎತ್ತರ ಮೀಟರಿನಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ ಬರುತ್ತದೆ. ಅಡಿ ಬೇಕಾದರೆ 3.28ರಿಂದ, ನಾಟ್ ಬೇಕಾದರೆ 1.94ರಿಂದ ಗುಣಿಸಿ. ಹುಬ್ಬಳ್ಳಿಯಲ್ಲಿ ನೆಲದ ಮೇಲೆ ನಿಂತಾಗ ಎತ್ತರ 660 ಮೀಟರ್ ಆಸುಪಾಸು ಬಂದರೆ ಸರಿಯಾಗಿದೆ ಅಂತ ಲೆಕ್ಕ.

ಪರೀಕ್ಷೆಗೆ ಗೋವಾದ ದಾಬೋಲಿಮ್‌ಗೆ ಹಾರಿ. ಅದು ಹುಬ್ಬಳ್ಳಿಯ ಅಕ್ಷಾಂಶದಲ್ಲೇ ಇದೆ ಅನ್ನಬಹುದು, 15.38. ನೇರ ಪಶ್ಚಿಮಕ್ಕೆ ಸುಮಾರು 72 ನಾಟಿಕಲ್ ಮೈಲಿ. ರನ್‌ವೇ 26ರಿಂದ ಎದ್ದರೆ ಮೂಗು ಬಹುಪಾಲು ಅತ್ತಲೇ ಇರುತ್ತದೆ. ಹಾದಿಯುದ್ದಕ್ಕೂ ಮೊದಲ ಸಂಖ್ಯೆ 75.08ರಿಂದ 73.83ಕ್ಕೆ ಇಳಿಯುತ್ತಾ ಹೋಗಬೇಕು, ಎರಡನೆಯದು ಹೆಚ್ಚು ಅಲ್ಲಾಡಬಾರದು. ಘಟ್ಟ ದಾಟುವಾಗ ಸಾಕಷ್ಟು ಎತ್ತರ ಇಟ್ಟುಕೊಳ್ಳಿ, ಟ್ಯಾಬ್ ನೋಡುತ್ತಾ ಗುಡ್ಡಕ್ಕೆ ಹೊಡೆಯಬೇಡಿ.

ಉತ್ತರ (ಸಪ್ತಾಪುರ, ಧಾರವಾಡ)

ಇನ್ನೊಂದು ಸಣ್ಣ ಮಾತು. ಒಂದೇ ಕಂಪ್ಯೂಟರಿನಲ್ಲಿ ಬೇರೆ ಯಾವುದಾದರೂ ಪ್ರೋಗ್ರಾಮ್ 49002 ಹಿಡಿದು ಕೂತಿದ್ದರೆ ನಿಮ್ಮ ಪೈಥಾನ್‌ಗೆ ಪೋರ್ಟ್ ಸಿಗದೇ ಹೋಗಬಹುದು. ಅದನ್ನು ಮುಚ್ಚಿ, ಇಲ್ಲವೇ ನಿಮ್ಮದನ್ನು ಬೇರೆ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಅದರ ಐಪಿಯನ್ನೂ ಎಕ್ಸ್-ಪ್ಲೇನ್‌ಗೆ ಸೇರಿಸಿ. ಟ್ಯಾಬ್‌ನಲ್ಲಿ ವಿಪಿಎನ್ ಇದ್ದರೆ ಹಾರುವಾಗ ಆಫ್ ಮಾಡಿ, ಸ್ಕ್ರೀನ್ ಆರದಂತೆ ಟೈಮ್‌ಔಟ್ ಹೆಚ್ಚಿಸಿ, ಚಾರ್ಜರ್ ಹಚ್ಚಿಯೇ ಇಡಿ. ಹಳೆಯ ಟ್ಯಾಬ್‌ಗಳ ಬ್ಯಾಟರಿ ಗೋವಾ ಮುಟ್ಟುವವರೆಗೂ ಬಾಳಲ್ಲ.