ಟವರ್ ಸತ್ತಾಗ ಮೆಸೇಜ್ ಹೋಗೋದು ಹೇಗೆ? ನೆಟ್‌ವರ್ಕ್ ಎಂಜಿನಿಯರ್ ಜತೆ ಪ್ರಶ್ನೋತ್ತರ

ಪ್ರಶ್ನೆ (ಹೊಸನಗರ ತಾಲ್ಲೂಕಿನವರು, ಈಗ ಬೆಂಗಳೂರಿನಲ್ಲಿ):
ನಮಸ್ಕಾರ ಸಾರ್. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಮಳೆಗಾಲದಲ್ಲಿ ಕರೆಂಟ್ ಹೋಯ್ತು ಅಂದ್ರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಖಾಲಿ. ಬೇರೆ ದಿನಗಳಲ್ಲೂ ಮನೇಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಬೇಕು. ಆಸ್ಪತ್ರೆ ಚೀಟಿ, ಪಾಸ್‌ಬುಕ್ ಫೋಟೊ ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಓಡಾಡುತ್ತೆ. ಇಂಟರ್ನೆಟ್ ಇಲ್ಲದೆಯೂ ನಡೆಯುವ, ಬೇರೆಯವರು ಓದಲಾಗದ ಆ್ಯಪ್ ಇದೆಯಂತಲ್ಲ, ಯಾವುದು ಹಾಕಿಸಲಿ?

ಉತ್ತರ:
ಮೊದಲು ಬೇಜಾರಿನ ವಿಷಯ ಹೇಳಿಬಿಡ್ತೀನಿ. ಬೆಂಗಳೂರಿನಿಂದ ಹೊಸನಗರಕ್ಕೆ ಇಂಟರ್ನೆಟ್ ಇಲ್ಲದೆ ಮೆಸೇಜ್ ಮುಟ್ಟಿಸುವ ಮೊಬೈಲ್ ಆ್ಯಪ್ ಇಲ್ಲ. 'ಇಂಟರ್ನೆಟ್ ಬೇಡ' ಅಂತ ಯೂಟ್ಯೂಬಿನಲ್ಲಿ ತೋರಿಸುವ ಆ್ಯಪ್‌ಗಳೆಲ್ಲ ಬ್ಲೂಟೂತ್ ಮೇಲೆ ನಿಂತಿವೆ. ಮನೆಯೊಳಗೆ ಹತ್ತಿಪ್ಪತ್ತು ಮೀಟರ್, ಬಯಲಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ನಡುವೆ ಬೇರೆ ಫೋನುಗಳಿದ್ದರೆ ಒಂದರಿಂದ ಒಂದಕ್ಕೆ ಹಾರಿಕೊಂಡು ಹೋಗುತ್ತೆ ನಿಜ. ಜಾತ್ರೆ ಗದ್ದೆಯಲ್ಲಿ ಅದು ಸರಿ, ಮನೆಗೊಂದು ಗುಡ್ಡ ಇರೋ ಊರಲ್ಲಿ ನಡುವೆ ಫೋನ್ ಎಲ್ಲಿಂದ ಬರಬೇಕು?

ನಿಮಗೆ ಬೇಕಾಗಿರೋದು ಹೊಸ ಆ್ಯಪ್ ಅಲ್ಲ, ಇರುವುದನ್ನೇ ಗುಡ್ಡಕ್ಕೆ ಹೊಂದಿಸಿಕೊಳ್ಳೋದು. ಗೂಢಲಿಪೀಕರಣಕ್ಕೆ, ಅಂದರೆ ಬೇರೆಯವರು ಓದಲಾಗದಂತೆ ಮೆಸೇಜಿಗೆ ಬೀಗ ಹಾಕೋದಕ್ಕೆ, ಎರಡೂ ಫೋನ್ ಒಟ್ಟಿಗೆ ಆನ್‌ಲೈನ್ ಇರಬೇಕಾಗಿಲ್ಲ. ವಾಟ್ಸ್‌ಆ್ಯಪ್, ಸಿಗ್ನಲ್ ಅನ್ನೋ ಆ್ಯಪ್ ಎರಡರಲ್ಲೂ ಇರೋದು ಸಿಗ್ನಲ್ ಪ್ರೋಟೊಕಾಲ್ ಅನ್ನೋ ಒಂದೇ ಬೀಗದ ವಿಧಾನ. ನಿಮ್ಮ ತಂದೆಯ ಫೋನು ನೆಟ್‌ವರ್ಕ್ ಇದ್ದಾಗಲೇ ಒಂದು ಕಂತೆ ತೆರೆದ ಬೀಗಗಳನ್ನು ಸರ್ವರಿನಲ್ಲಿ ಇಟ್ಟು ಬಂದಿರುತ್ತೆ, ಕೀಲಿ ಮಾತ್ರ ಫೋನಿನಲ್ಲೇ. ನೀವು ಕಳಿಸುವಾಗ ನಿಮ್ಮ ಫೋನು ಅದರಲ್ಲೊಂದನ್ನು ತೆಗೆದು ಮೆಸೇಜಿಗೆ ಜಡಿಯುತ್ತೆ. ಅವರು ಮೂರು ದಿನ ಬಿಟ್ಟು ಗುಡ್ಡ ಹತ್ತಿದರೂ ತೆರೆದುಕೊಳ್ಳುತ್ತೆ, ನಡುವೆ ಯಾರೂ ಓದಲಾಗದು. ಮುಟ್ಟದ ಮೆಸೇಜನ್ನು ವಾಟ್ಸ್‌ಆ್ಯಪ್ ಸರ್ವರ್ 30 ದಿನ ಇಟ್ಟುಕೊಂಡು ಆಮೇಲೆ ಅಳಿಸಿಬಿಡುತ್ತೆ.

ಈಗ ಗುಡ್ಡದ ಮೇಲಿನ ಕೆಲಸ. ಗಡಿಯಾರದ ಚಿತ್ರ ಇದ್ದರೆ ಮೆಸೇಜ್ ಇನ್ನೂ ಅವರ ಫೋನಿನಲ್ಲೇ ಇದೆ. ಒಂದು ಟಿಕ್ ಅಂದರೆ ಸರ್ವರ್ ಮುಟ್ಟಿದೆ, ಇಳಿದು ಮನೆಗೆ ಹೋಗಬಹುದು. ಎರಡು ಟಿಕ್‌ಗೆ ಕಾಯಬೇಕಿಲ್ಲ, ಅದು ನಿಮ್ಮ ಫೋನಿಗೆ ಬಂದಾಗಿನ ಗುರುತು. ತುಂಬ ಜನ ಎಡವೋದು ಇಲ್ಲೇ: ಮನೇಲಿ ಟೈಪ್ ಮಾಡಿ ಕಳಿಸು ಒತ್ತಿ, ಫೋನನ್ನು ಜೇಬಿಗೆ ಹಾಕಿಕೊಂಡು ಗುಡ್ಡಕ್ಕೆ ಹೋಗಿ ಬರ್ತಾರೆ. ಬ್ಯಾಟರಿ ಸೇವರ್ ಆನ್ ಇದ್ದರೆ ಆ್ಯಪ್ ಹಿಂದೆ ಮಲಗಿರುತ್ತೆ, ಗಡಿಯಾರ ಹಾಗೇ ಉಳಿಯುತ್ತೆ. ಮೇಲೆ ಹೋದ ಮೇಲೆ ಆ್ಯಪ್ ತೆರೆದು, ಗಡಿಯಾರ ಹೋಗಿ ಟಿಕ್ ಬರುವ ತನಕ ಸ್ಕ್ರೀನ್ ಆರಿಸಬೇಡಿ ಅಂತ ಹೇಳಿ. ಮನೇಲಿ ಏರೋಪ್ಲೇನ್ ಮೋಡ್ ಹಾಕಿಡಲಿ. ಸಿಗ್ನಲ್ ಹುಡುಕಿ ಹುಡುಕಿಯೇ ಚಾರ್ಜ್ ಮುಗಿದುಹೋಗುತ್ತೆ, ಕರೆಂಟ್ ಬೇರೆ ಇಲ್ಲ.

ಸೆಟ್ಟಿಂಗ್ಸಿನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗೋದನ್ನು ಪೂರ್ತಿ ನಿಲ್ಲಿಸಿ. ಅಕ್ಷರದ ಮೆಸೇಜ್ ಒಂದೆರಡು ಕೆಬಿ, 2ಜಿಯಲ್ಲೂ ದಾಟುತ್ತೆ. ಕುಟುಂಬದ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೊಗಳು ಅದೇ ಸಪೂರ ದಾರಿಗೆ ಅಡ್ಡ ಬಿದ್ದಿರುತ್ತವೆ. ಹಾಗೇ ಬ್ಯಾಕಪ್‌ಗೆ ಪ್ರತ್ಯೇಕ ಗೂಢಲಿಪೀಕರಣದ ಆಯ್ಕೆ ಇದೆ, ನೀವೇ ಆನ್ ಮಾಡಬೇಕು. ಪಾಸ್‌ವರ್ಡ್ ಮರೆತರೆ ಮಾತ್ರ ಆ ಬ್ಯಾಕಪ್ ಯಾರ ಕೈಗೂ ಸಿಗೋದಿಲ್ಲ, ನಿಮಗೂ.

ಪ್ರಶ್ನೆ (ಅದೇ ಸದಸ್ಯರು):
ಅರ್ಥ ಆಯ್ತು ಸಾರ್. ಡೇಟಾ ಇರಲ್ಲ, ಆದ್ರೆ ಎಸ್ಸೆಮ್ಮೆಸ್ ಹೋಗುತ್ತೆ ಕೆಲವು ಸಲ. ಅದು ಆಗಲ್ವಾ?

ಉತ್ತರ:
ಆಗುತ್ತೆ, ಆದರೆ ಅದಕ್ಕೆ ಬೀಗ ಇಲ್ಲ. ಟೆಲಿಕಾಂ ಕಂಪನಿಗೆ ತೆರೆದ ಕಾಗದವೇ. 'ಆರಾಮ್ ಇದೀವಿ', 'ವಾಟ್ಸ್‌ಆ್ಯಪ್ ನೋಡು' ಇಷ್ಟಕ್ಕೆ ಇಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಿ 70, ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ.

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು):
ನಮ್ದು ಸ್ವಲ್ಪ ಬೇರೆ ಮಾರಾಯ್ರೆ. ಬೆಂಗಳೂರು ಗಿಂಗಳೂರು ಬೇಡ. ನಮ್ಮ ಮನೆ, ದೊಡ್ಡಪ್ಪನ ಮನೆ, ತೋಟದ ಆಚೆ ಇನ್ನೊಂದು ಮನೆ, ಎಲ್ಲ ಅರ್ಧ ಮುಕ್ಕಾಲು ಕಿಲೋಮೀಟರ್. ಮಳೆಗೆ ಸಂಕ ಕೊಚ್ಚಿ ಹೋದ್ರೆ ಒಬ್ಬರಿಗೊಬ್ಬರು ಸುದ್ದಿ ಕೊಡೋಕೆ ಬೇಕು. ಬ್ರಯರ್, ಬಿಟ್‌ಚಾಟ್ ಅಂತೆಲ್ಲ ಕೇಳಿದೀನಿ.

ಉತ್ತರ:
ಇದು ಆಗುವ ಕೆಲಸ, ಆದರೆ ಬ್ಲೂಟೂತಿನಿಂದ ಅಲ್ಲ. ಅರ್ಧ ಕಿಲೋಮೀಟರ್ ಅದಕ್ಕೆ ದೂರ.

ಬ್ರಯರ್ ವಿನ್ಯಾಸ ನನಗೆ ಇಷ್ಟ. ಕೇಂದ್ರ ಸರ್ವರೇ ಇಲ್ಲ, ಎದುರೆದುರು ನಿಂತು ಕ್ಯೂಆರ್ ಸ್ಕ್ಯಾನ್ ಮಾಡಿ ಪರಿಚಯ ಮಾಡಿಕೊಳ್ಳಬಹುದು, ಬ್ಲೂಟೂತ್ ಅಥವಾ ಒಂದೇ ವೈಫೈನಲ್ಲಿ ಮೆಸೇಜ್ ದಾಟುತ್ತೆ. ಆದರೆ 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಡೆದ 14 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಇತ್ತು, ಎಲಿಮೆಂಟ್, ತ್ರೀಮಾ ಜತೆಗೆ. ಕಾಶ್ಮೀರದ ಉಗ್ರರು ಬಳಸುತ್ತಾರೆ ಅನ್ನೋದು ಆಗ ಕೇಳಿಬಂದ ಕಾರಣ. ಹಾಗಾಗಿ ಹಾಕಿಕೊಳ್ಳಿ ಅಂತ ನಾನು ಹೇಳೋದಿಲ್ಲ.

ಬಿಟ್‌ಚಾಟ್ 2025ರ ಜುಲೈನಲ್ಲಿ ಬಂದಿದ್ದು, ಟ್ವಿಟರ್ ಕಟ್ಟಿದ ಜಾಕ್ ಡಾರ್ಸಿ ಹೊರತಂದದ್ದು. ಫೋನ್ ನಂಬರ್ ಕೇಳಲ್ಲ, ಮೆಸೇಜ್ ಏಳು ಫೋನ್ ತನಕ ಹಾರುತ್ತೆ. ಹೊರಗಿನವರಿಂದ ಭದ್ರತಾ ಪರೀಕ್ಷೆ ಆಗಿಲ್ಲ ಅಂತ ಶುರುವಿನಲ್ಲಿ ಅವರೇ ಎಚ್ಚರಿಕೆ ಹಾಕಿದ್ದರು. ಆ ಎಚ್ಚರಿಕೆ ಸುಮ್ಮನೆ ಅಲ್ಲ. 2019ರ ಹಾಂಗ್‌ಕಾಂಗ್ ಪ್ರತಿಭಟನೆಯಲ್ಲಿ ಬ್ರಿಡ್ಜ್‌ಫೈ ಅನ್ನೋ ಇಂಥದ್ದೇ ಆ್ಯಪ್ ಜನರ ಕೈಗೆ ಬಂತು. ಮರುವರ್ಷ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಸಂಶೋಧಕರು ಅದರಲ್ಲಿ ಮೆಸೇಜ್ ಓದಬಹುದು, ಇನ್ನೊಬ್ಬರ ಸೋಗು ಹಾಕಬಹುದು ಅಂತ ತೋರಿಸಿದರು. ಇಂಟರ್ನೆಟ್ ಬೇಡ ಅಂದಮಾತ್ರಕ್ಕೆ ಗುಟ್ಟು ಉಳಿಯುತ್ತೆ ಅಂತಲ್ಲ.

ನಿಮಗೆ ಸರಿಹೋಗೋದು ಮೆಶ್‌ಟಾಸ್ಟಿಕ್. ಕೆಲವು ಸಾವಿರ ರೂಪಾಯಿಯ ಪುಟ್ಟ ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ) ರೇಡಿಯೊ ಬೋರ್ಡು ಮನೆಗೊಂದು, ಅದಕ್ಕೆ ಫೋನ್ ಬ್ಲೂಟೂತಿನಲ್ಲಿ ಸೇರುತ್ತೆ. ಬೋರ್ಡಿನಿಂದ ಬೋರ್ಡಿಗೆ, ಕಣ್ಣಿಗೆ ಕಾಣುವ ಹಾಗಿದ್ದರೆ, ಕಿಲೋಮೀಟರುಗಟ್ಟಲೆ ಹೋಗುತ್ತೆ. ನೆನೆದ ಎಲೆ, ದಟ್ಟ ತೋಟ ಅದನ್ನು ಕುಗ್ಗಿಸುತ್ತೆ. ಅದಕ್ಕೇ ಎತ್ತರದಲ್ಲಿ ಸೋಲಾರ್ ಸಮೇತ ಒಂದು ಬೋರ್ಡ್ ಇಟ್ಟರೆ ಒಳ್ಳೇದು.

ಕೊಳ್ಳುವಾಗ 865–867 ಮೆಗಾಹರ್ಟ್ಸಿನದ್ದೇ ತಗೊಳ್ಳಿ, ಡಬ್ಲ್ಯುಪಿಸಿ (ಕೇಂದ್ರ ಸರ್ಕಾರದ ರೇಡಿಯೊ ತರಂಗ ವಿಭಾಗ) ಅನುಮೋದನೆ ಇದೆಯಾ ನೋಡಿ. ಆ 865–867 ಇಲ್ಲಿ ಲೈಸೆನ್ಸ್ ಬೇಡದ ತರಂಗಪಟ್ಟಿ. ಅಮೆರಿಕದ 915ರ ಬೋರ್ಡು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಅದರ ಪಟ್ಟಿ ನಮ್ಮ ಮೊಬೈಲ್ ಕಂಪನಿಗಳ 900 ಬ್ಯಾಂಡಿನ ಮೇಲೇ ಬೀಳುತ್ತೆ.

ಇನ್ನೊಂದು, ಪೆಟ್ಟಿಗೆಯಿಂದ ತೆಗೆದಾಗ ಅದರಲ್ಲಿರುವ ಚಾನೆಲ್ಲಿನ ಕೀ ಜಗತ್ತಿಗೇ ಗೊತ್ತಿರುವಂಥದ್ದು. ನಿಮ್ಮದೇ ಹೊಸ ಚಾನೆಲ್ ಮಾಡಿ, ಮೂರು ಮನೆಯವರೂ ಕ್ಯೂಆರ್ ಸ್ಕ್ಯಾನ್ ಮಾಡಿಕೊಳ್ಳಬೇಕು. ಇದನ್ನು ಬಿಟ್ಟರೆ ನೀವು ಕಿರುಚಿ ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಮೆಸೇಜ್ ಸುಮಾರು 200 ಬೈಟ್, ಅಷ್ಟೇ. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಅಮ್ಮನಿಗೆ ಮಾತ್ರೆ ತನ್ನಿ' ಅನ್ನೋದಕ್ಕೆ 59 ಬೈಟ್ ಹೋಗುತ್ತೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಇಪ್ಪತ್ತರ ಆಸುಪಾಸು. ಕನ್ನಡದಲ್ಲೇ ಬರೆಯಿರಿ ಅಂತ ಎಲ್ಲ ಕಡೆ ಹೇಳುವ ನಾನು ಇಲ್ಲಿ ಬಾಯಿ ಮುಚ್ಚಿಕೊಳ್ತೀನಿ.

ಪ್ರಶ್ನೆ (ಮಲ್ಪೆಯವರು):
ನಮ್ಮವರು ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗ್ತಾರೆ. ಅಲ್ಲಿಗೂ ಇದು ಆಗ್ತದಾ ಸಾರ್?

ಉತ್ತರ:
ಇಲ್ಲ ಅಮ್ಮ, ಅಷ್ಟು ದೂರಕ್ಕೆ ಉಪಗ್ರಹವೇ ಬೇಕು. ಮೀನುಗಾರಿಕೆ ಬೋಟುಗಳಿಗೆ ಸರ್ಕಾರ ಕೊಡುತ್ತಿರುವ ಟ್ರಾನ್ಸ್‌ಪಾಂಡರ್ ಅನ್ನೋ ಉಪಗ್ರಹ ಸಾಧನದಲ್ಲಿ ದಡಕ್ಕೆ ಚಿಕ್ಕ ಸಂದೇಶ ಬರುತ್ತೆ. ಅದು ರಕ್ಷಣೆಗಾಗಿ ಇರುವುದು, ಮನೆ ಮಾತಿಗಲ್ಲ. ವಿದೇಶದಲ್ಲಿರುವ ನೆಂಟರ ಕೈಲಿ ಉಪಗ್ರಹ ಮೆಸೆಂಜರ್ ಸಾಧನ ಮಾತ್ರ ತರಿಸಬೇಡಿ. ಅನುಮತಿ ಇಲ್ಲದೆ ಇಟ್ಟುಕೊಂಡಿದ್ದಕ್ಕೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ.

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು):
ಆ ಎತ್ತರದ ಬೋರ್ಡನ್ನ ಅಡಿಕೆ ಮರಕ್ಕೆ ಕಟ್ಟಬಹುದಾ? ಮದ್ದು ಹೊಡೆಯೋಕೆ ಬರೋರ ಕೈಲಿ ಕಟ್ಟಿಸ್ತೀನಿ.

ಉತ್ತರ:
ಅಡಿಕೆ ಮರ ಗಾಳಿಗೆ ತೂಗಾಡುತ್ತೆ ಸ್ವಾಮಿ, ಸೋಗೆ ಬಿದ್ದರೆ ಆಂಟೆನಾ ಮುರಿದೇ ಹೋಗುತ್ತೆ. ಗುಡ್ಡದ ಮೇಲೆ ನೀರಿನ ಟ್ಯಾಂಕ್ ಇದ್ದರೆ ಅದರ ಪಕ್ಕ ಒಂದು ಪಿವಿಸಿ ಪೈಪ್ ನಿಲ್ಲಿಸಿ ಕಟ್ಟಿ, ಡಬ್ಬಿಯ ಕೆಳಗಡೆಯಿಂದ ವೈರ್ ತೆಗೀರಿ, ಮೇಲಿಂದ ತೆಗೆದರೆ ನೀರು ಇಳಿಯುತ್ತೆ. ಕಟ್ಟುವವರಿಗೆ ಇದೊಂದು ಹೇಳಿ: ಆಂಟೆನಾ ತಿರುಗಿಸಿ ಹಾಕುವ ಮೊದಲು ಬೋರ್ಡ್ ಆನ್ ಮಾಡಬಾರದು, ರೇಡಿಯೊ ಚಿಪ್ ಸುಟ್ಟುಹೋಗಬಹುದು.